ಬಾಜೂ ಸೀಟಿನ ಕಾಯ್ದೆ

ಶೇಡಬಾಳ
ತಾ. ೧೬-೨-೧೯೯೩, ಮಂಗಳವಾರ

ನಮ್ಮ ತಾರಾನ ಅಪ್ಪಾರಿಗೆ ಕಸ್ತೂರೆವ್ವ ಮಾಡೂ ನಮಸ್ಕಾರ.

ಕಣ್ಣು ಹ್ಯಾಂಗೈತ್ರಿ? ಪಟ್ಟಿ ಬಿಚ್ಚಿದ ಮ್ಯಾಲ ನೋವು ಕಡಿಮಿ ಆಗೇತೇನು? ಮಿರಜ ದವಾಖಾನಿ ಊಟ ಸಪ್ಪಗ ಐತಿ ಅಂತ ಉಪವಾಸ ಬೀಳಬ್ಯಾಡ್ರಿ, ನಿಮ್ಮ ತಮ್ಮ ಭೀಮಸಿ ಕೈಯಾಗ ಕಟಕ ರೊಟ್ಟಿ, ಸೇಂಗಾ ಹಿಂಡಿ ಕಳಸೇನಿ. ಈ ಪತ್ರಾನೂ ಅವನ ಓದಲಿ, ನೀವು ಎಡಗಣ್ಣಿಗೆ ತ್ರಾಸ ಕೊಡಬ್ಯಾಡ್ರಿ. ಭೀಮಸಿ, ನಿಮ್ಮಣ್ಣ ನಡಬರಕ ಸಿಟ್ಟಿಗೆದ್ದರೂ ನಿಲ್ಲಸಬ್ಯಾಡಪಾ, ಕಡೀತನಕ ಓದು. ಇಲ್ಲಿ ಅತ್ತಿ, ತಾರಾ ಎಲ್ಲಾರೂ ಆರಾಮ ಅದೀವಿ. ತಾರಾ ಮಾತ್ರ ದಿನಾ ಜೀಪಿನ್ಯಾಗ ಹತ್ತಿ ಕುಂತು ಬಾಯಿಲೇ ಭರ್ರ್ ಅಂತ ಮಿರಜಕ್ಕ ಹೋಗಿ ಬರತಾಳ.

ನಿನ್ನಿ ಭೀಮಸಿ ಬಂದು ಎಲ್ಲಾ ಹೇಳಿದ. ಬಲಗಣ್ಣು ಇನ್ನ ಬರೂದಿಲ್ಲ, ಸ್ಟೇರಿಂಗ್ ಮುಟ್ಟಬ್ಯಾಡ ಅಂತ ಡಾಕ್ಟರ್ ಅಂದಾರಂತ. ಹಾಳಾದ ದ್ರಾಕ್ಷಿ ಚಪ್ಪರದ ತಂತಿ, ಹಾರೂದು ಹಾರಿ ನಿಮ್ಮ ಕಣ್ಣಿಗೇ ಬಡೀಬೇಕಾ! ಆದರ ಅದಕ್ಕಿಂತ ಹೆಚ್ಚು ನನ್ನ ಹೊಟ್ಟಿ ಉರಿಸಿದ್ದು ಮುಂದಿನ ಮಾತು. ಜೀಪು ಕೊಳ್ಳಾಕ ಕೇಳಿದ್ದ ಆ ಅಥಣಿಯವಗ ಅದನ್ನ ಮಾರಿ ಬಿಡತೀರಂತ, ಯಾರೂ ನೋಡಬಾರದು ಅಂತ ಕಡೀ ಬಸ್ಸಿಗೆ ಕತ್ತಲ್ಯಾಗ ಬಂದು ಇಳೀತೀರಂತ. ಯಾಕ್ರಿ, ಕಳವು ಮಾಡೀರೇನು? ಊರ ಹೆಣ್ಮಕ್ಕಳಿಗೆ ಹೆರಿಗಿ ಬ್ಯಾನಿ ಎದ್ದಾಗೆಲ್ಲಾ ಅರ್ಧಾ ಊಟ ಬಿಟ್ಟೆದ್ದು ಗಾಡಿ ಹೊಡದಾವರು ನೀವು. ನಿಮಗ ಎಂಥಾ ನಾಚಿಕಿ? ನನಗ ಸಿಟ್ಟೂ ಬಂತು, ಅಳೂನೂ ಬಂತು.

ಈಗ ನಾವು ಮುಚ್ಚಿಟ್ಟಿದ್ದನ್ನ ಕೇಳ್ರಿ. ನೀವು ದವಾಖಾನಿ ಸೇರಿದ ವಾರದಾಗ ಅತ್ತಿ ಜೀಪಿನ ಕೀಲಿ ತಂದು ನನ್ನ ಉಡ್ಯಾಗ ಹಾಕಿ, 'ನನ್ನ ಮಗಂದು ಒಂದು ಕಣ್ಣು ಹೋಗೇತಿ, ನಿನ್ನವು ಎರಡೂ ನೆಟ್ಟಗದಾವಲ್ಲ ಬೇ' ಅಂದ್ರು. ಗ್ಯಾರೇಜಿನ ಉಸ್ಮಾನಣ್ಣ ಕಬ್ಬು ಕಡದ ಹೊಲದಾಗ ಗೇರ್ ಕಲಿಸಿದ. ಮೊದಲನೇ ದಿನ ಸೀದಾ ಬಣವಿಗೆ ಹೋಗಿ ಹೊಕ್ಕಿದ್ದೆ. ಬಂಪರಿಗೆ ಏನೂ ಆಗಿಲ್ಲ, ನಿಮ್ಮಾಣಿ, ಬಣವಿಗೇ ಆಗೇತಿ. ರಸ್ತೇಕ ಇಳೀಬೇಕಂದ್ರ ಲರ್ನಿಂಗ್ ಲೈಸನ್ಸ್ ಬೇಕು, ಅದಕ್ಕ ಪರೀಕ್ಷಾ ಬರೀಬೇಕು ಅಂತ ಅಂವನ ರಸ್ತೆ ಗುರುತಿನ ಚಿತ್ರದ ಪುಸ್ತಕಾನೂ ತಂದುಕೊಟ್ಟ. ಅಕ್ಷರ ಬಾರದ ಅತ್ತೀನ ನನಗ ಮಾಸ್ತರು! ನಾ ರೊಟ್ಟಿ ಬಡೀವಾಗ ಎದುರು ಕುಂತು, 'ಕೆಂಪು ಬಳೀ ಒಳಗ ತುತ್ತೂರಿ, ಅದಕ್ಕೊಂದು ಅಡ್ಡಗೀಟು. ಏನು ಹೇಳು' ಅಂತಿದ್ರು. ಹಾರ್ನ್ ಹೊಡೀಬಾರದು ಅಂತ ನೆನಪಾಗೂದರಾಗ ರೊಟ್ಟಿ ಕರ್ರಗ ಆಗತಿತ್ತು. ಹದಿನೈದು ದಿನ ಮನ್ಯಾಗ ಸುಟ್ಟ ರೊಟ್ಟೀನ ಉಂಡೇವಿ.

ನಿನ್ನಿ ಮುಂಜಾನೆ ಚಿಕ್ಕೋಡ್ಯಾಗ ಪರೀಕ್ಷಾ ಇತ್ತು. ಗಂಡಸರ ನಡುವ ನಾ ಒಬ್ಬಾಕಿ. ಪೆನ್ನು ಹಿಡದ ಕೂಡ್ಲೆ ಓದಿದ್ದೆಲ್ಲಾ ಮರತು ಹೋತು. ಆವಾಗ ಏನ ಮಾಡಿದೆ ಗೊತ್ತೇನ್ರಿ, ನಿಮ್ಮನ್ನ ನೆನಸಿಕೊಂಡೆ. ಎದುರು ಗಾಡಿ ಬಂದ್ರ ಲೈಟ್ ಇಳಸಬೇಕೋ ಬ್ಯಾಡೋ? 'ಮೊದಲ ಅವ ಇಳಸಲಿ' ಅಂತೀರಿ ನೀವು. ದವಾಖಾನಿ ಮುಂದ ಹಾರ್ನ್? ದೋಸ್ತ ಕಂಪೌಂಡರ್ ಹೊರಗ ಬರೂತನಕ ಒದರಸತೀರಿ. ಕೈ ಹೊರಗ ಚಾಚೂದು ಯಾವಾಗ? ನೀವು ಎಲಿ-ಅಡಿಕಿ ಉಗುಳಾಕ ತಲಿ ಚಾಚತೀರಿ, ತಿರಗೂ ಮುಂದ ಕೈ ಚಾಚಿದವರಲ್ಲ. ನೀವು ಮಾಡೂದನ್ನ ಬಿಟ್ಟು ಉಳಿದದ್ದಕ್ಕ ಗುರುತು ಹಾಕಕೋಂತ ಹ್ವಾದೆ, ಭಡಾಭಡಾ ಮುಗೀತು. ಬಾಜೂ ಸೀಟಿನ್ಯಾಗ ಹನ್ನೆರಡು ವರ್ಷ ಕುಂತದ್ದು ಸುಮ್ಮನ ಹೋಗಲಿಲ್ಲ ನೋಡ್ರಿ.

ಆದರ ಒಂದು ಪ್ರಶ್ನೆಗೆ ಕೈ ನಿಂತು ಬಿಟ್ತು. ರಸ್ತೆ ತುಂಬ ದನಾ ಕುರಿ ಬಂದ್ರ ಏನ ಮಾಡಬೇಕು ಅಂತ ಇತ್ತು. ಕೊಕಟನೂರ ಹಾದ್ಯಾಗ ಕುರಿ ಹಿಂಡು ಅಡ್ಡ ಬಂದಾಗ ನೀವು ಇಂಜಿನ್ ಬಂದ್ ಮಾಡಿ ಕುಂತಿದ್ರಿ, ನೆನಪೈತೇನು? ಹಿಂದಿನ ಲಾರಿಯವ ಬೈಯಾಕತ್ತಿದ್ದ. ಕಡೀಕ ಒಂದು ಕುಂಟಮರಿ ದಾಟೂತನಕ ನೀವು ಕೀಲಿ ತಿರವಲಿಲ್ಲ, 'ಅವಕ್ಕೂ ಹಾದಿ ಐತಲೇ' ಅಂದ್ರಿ. ಅದಕ್ಕ ಮಾತ್ರ ನೀವು ಮಾಡಿದಂಗ ಬರದೆ. ಅಷ್ಟು ಮಂದ್ಯಾಗ ಕಣ್ಣೀರು ಬಂದೂವ್ರಿ. ನಿಮ್ಮಂಥಾ ಮನಷ್ಯಾ ಯಾಕ ಕತ್ತಲ್ಯಾಗ ಇಳೀಬೇಕು?

ಅತ್ತೀ ಆಶೀರ್ವಾದ, ತಾರಾನ ಮುತ್ತು, ಉಸ್ಮಾನಣ್ಣನ ಸಲಾಮು. ಗಡ್ಡಾ ಬೋಳಿಸಿಕೊಳ್ರಿ, ದವಾಖಾನ್ಯಾಗ ಅದೀನಿ ಅಂತ ಸಾಧೂನಂಗ ಆಗಬ್ಯಾಡ್ರಿ.

ನಿಮ್ಮಾಕಿ,
ಕಸ್ತೂರೆವ್ವ

ತಾ.ಕ.: ಭೀಮಸಿ ಗಾಡಿ ಹೊತ್ತಾತು ಅಂತ ಗಡಬಡಿ ಮಾಡಾಕತ್ತಾನ. ನಾ ಪಾಸಾಗೇನ್ರಿ! ಅಥಣಿಯವಗ ಮಾತು ಕೊಡಬ್ಯಾಡ್ರಿ. ಗುರುವಾರ ನಿಮ್ಮನ್ನ ಬಿಡತಾರಂತಲ್ಲ, ಬಸ್ಸಿಗೆ ಹೋಗಬ್ಯಾಡ್ರಿ, ಉಸ್ಮಾನಣ್ಣನ ಬಾಜೂಕ ಕುಂಡ್ರಿಸಿಕೊಂಡು ನಾನ ಜೀಪು ತರತೀನಿ. ಗೇಟಿನ ಮುಂದ ಹಾರ್ನ್ ಹೊಡಿಯೂದಿಲ್ಲ ಮತ್ತ, ನೀವ ಬಂದು ನಿಂದರ್ರಿ. ಅಲ್ಲಿಂದ ಉಸ್ಮಾನಣ್ಣ ಗ್ಯಾರೇಜಿನ ಸಾಮಾನು ತರಾಕ ಕೊಲ್ಲಾಪುರಕ್ಕ ಹೋಗತಾನ. ನಿಮ್ಮ ಲೈಸನ್ಸ್ ನನ್ನ ಚೀಲದಾಗ ಇಟಗೊಂಡೇನಿ, ಅದರ ಮುದ್ದತು ಇನ್ನೂ ಮುಗದಿಲ್ಲ. ಹಗಲ ಹೊತ್ತಿನ್ಯಾಗ, ಊರ ನಡಬರಕ ಹಾದು ಬರೂಣು. ಲೈಸನ್ಸ್ ಇದ್ದಾವರು ಬಾಜೂಕ ಕುಂಡ್ರದ ಕಲಿಯೂ ಮಂದಿ ಗಾಡಿ ಹೊಡೀಬಾರದು ಅಂತ ಕಾಯ್ದೆ ಐತಿ. ನೀವು ಇಲ್ಲದ ನಾ ಒಂದು ಗಾಲಿ ತಿರಗಸೂವಂಗಿಲ್ರಿ.