ಗಾಂಧೀಜಯಂತಿಯಂದು ನಾನು ಮಾಡಿದ ಭಾಷಣ

ಲಷ್ಕರ್ ಮೊಹಲ್ಲಾ, ಮೈಸೂರು
೧೨ ಅಕ್ಟೋಬರ್ ೧೯೫೧, ಶುಕ್ರವಾರ

ಪ್ರೀತಿಯ ಅಕ್ಕನಿಗೆ ತಮ್ಮ ದೊರೆಸ್ವಾಮಿ ಮಾಡುವ ನಮಸ್ಕಾರಗಳು.

ಭಾವನವರ ಕೆಮ್ಮು ಈಗ ಹೇಗಿದೆ? ಭದ್ರಾವತಿಯ ಆ ಕುಲುಮೆಯ ಕೆಲಸದಿಂದ ಬೇರೆ ಕಡೆಗೆ ಹಾಕುತ್ತಾರೆ ಎಂದಿದ್ದರಲ್ಲ, ಹಾಕಿದರೋ ಇಲ್ಲವೋ. ಚಿಕ್ಕವಳಿಗೆ ಹಲ್ಲು ಬಂದಿರಬೇಕು. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ನಾನು ಮಾತ್ರ ಎಂಟು ದಿನದಿಂದ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಎಲ್ಲರ ಮೇಲೂ ಸಿಡುಕುತ್ತಿದ್ದೇನೆ. ನಿನಗಲ್ಲದೆ ಇನ್ನಾರಿಗೂ ಇದನ್ನು ಹೇಳಿಕೊಳ್ಳಲಾರೆ.

ನಮ್ಮ ಊದಿನಕಡ್ಡಿ ಕಾರ್ಖಾನೆಯ ಕೆಲಸಗಾರರ ಸಂಘಕ್ಕೆ ನಾನು ಕಾರ್ಯದರ್ಶಿಯಾದದ್ದು ನಿನಗೆ ಗೊತ್ತು. ಈ ಸಲ ಗಾಂಧೀಜಯಂತಿಗೆ 'ಮಹಾತ್ಮರ ಮಾತುಗಾರಿಕೆ ಮತ್ತು ನಾಯಕತ್ವ' ಎಂದು ಭಾಷಣ ಮಾಡಲು ಒಂದು ತಿಂಗಳು ಓದಿ ಬರೆದುಕೊಂಡೆ. ಅವರು ದನಿ ಏರಿಸುತ್ತಿರಲಿಲ್ಲ, ಹಳ್ಳಿಯವನಿಗೂ ತಿಳಿಯುವ ಮಾತು ಆಡುತ್ತಿದ್ದರು, ಗುರುತಿಲ್ಲದವರ ಕಾಗದಕ್ಕೂ ಉತ್ತರ ಬರೆಯುತ್ತಿದ್ದರು, ಇನ್ನೊಬ್ಬರಿಗೆ ಹೇಳಿದ್ದನ್ನು ಮೊದಲು ತಾವು ಮಾಡುತ್ತಿದ್ದರು, ಹೀಗೆ ಹದಿನಾರು ಪುಟ. ಕನ್ನಡಿಯ ಮುಂದೆ ನಿಂತು ಮೆಲುದನಿಯಲ್ಲಿ ಮಾತಾಡುವುದನ್ನೂ ರೂಢಿಮಾಡಿಕೊಂಡೆ, ನಗಬೇಡ. ಅವರಂತೆ ಸೋಮವಾರ ಮೌನ ಹಿಡಿದೆ. ಅಮ್ಮ ಗಂಟಲು ಕೆಟ್ಟಿದೆ ಎಂದುಕೊಂಡು ಎರಡು ಸೋಮವಾರ ಮೆಣಸಿನ ಕಷಾಯ ಕುಡಿಸಿದಳು.

ಕಾರ್ಖಾನೆಯ ಹಿಂದೆ ಒಂದು ತಗಡಿನ ಷೆಡ್ಡು ಇದೆ. ಇಪ್ಪತ್ತು ಹೆಂಗಸರು ಅಲ್ಲಿ ಕೂತು ಕಡ್ಡಿ ಹೊಸೆಯುತ್ತಾರೆ. ಗಂಧದ ಪುಡಿ ಕಳುವಾಗುತ್ತಿದೆ ಎಂಬ ಗುಮಾನಿಯಿಂದ ನಮ್ಮ ಸಾಹುಕಾರರು ಸಿದ್ದಮಲ್ಲಪ್ಪನವರು ಆ ಷೆಡ್ಡಿಗೆ ಹೊರಗಿನಿಂದ ಬೀಗ ಹಾಕಿಸತೊಡಗಿದ್ದರು. ಊಟದ ಗಂಟೆಯವರೆಗೆ ಬೀಗದಕೈ ಗುಮಾಸ್ತ ರಾಮಸ್ವಾಮಿಯ ಜೇಬಿನಲ್ಲಿ. ಹೆಂಗಸರಲ್ಲಿ ಹಿರಿಯಳಾದ ಮಂಗಳಮ್ಮ ಇದನ್ನು ಹೇಳಲು ನನ್ನ ಹತ್ತಿರ ಬಂದಳು. ನಾನು ಭಾಷಣ ಬರೆಯುತ್ತಿದ್ದೆ, ಆಮೇಲೆ ಬಾ ಎಂದೆ. ಇನ್ನೊಂದು ದಿನ ಬಂದಾಗ ಅರ್ಜಿ ಬರೆದುಕೊಡು ಎಂದೆ. ಅವಳಿಗೆ ಓದುಬರಹ ಬಾರದೆಂದು ಗೊತ್ತಿದ್ದೂ ಹಾಗೆಂದೆ. ಜಯಂತಿಯ ದಿನ ಭಾಷಣದ ನಡುವೆಯೇ ಎದ್ದು ನಿಂತಳು. “ದೊರೆಸ್ವಾಮಪ್ಪ, ಬಾಗ್ಲು ವಿಚಾರ ಒಸಿ ಮಾತಾಡ್ಬೇಕಿತ್ತು” ಎಂದಳು. ಗಾಂಧೀಜಿ ಎದುರಿಗಿದ್ದವರ ಮಾತನ್ನು ಪೂರ್ತಿ ಕೇಳುತ್ತಿದ್ದರು ಎಂಬ ಪುಟದಲ್ಲಿ ನಾನಿದ್ದೆ, ಅಕ್ಕ. ಕೊನೆಯಲ್ಲಿ ಮಾತಾಡೋಣ ಎಂದು ಕೈಸನ್ನೆ ಮಾಡಿ ಕೂರಿಸಿದೆ. ಕೊನೆಯಲ್ಲಿ ಪಾನಕ ಹಂಚಿದರು, ಎಲ್ಲರೂ ಚದುರಿದರು. ಚಪ್ಪಾಳೆ ಚೆನ್ನಾಗಿಯೇ ಬಿದ್ದಿತ್ತು.

ಎರಡು ದಿನ ಕಳೆದು, ಗುರುವಾರ ಹನ್ನೊಂದು ಗಂಟೆಗೆ, ಏಳು ತಿಂಗಳ ಬಸುರಿ ಕೆಂಚಮ್ಮ ಆ ತಗಡಿನ ಕಾವಿನಲ್ಲಿ, ಕಡ್ಡಿಯ ಹಿಟ್ಟಿಗೆ ಬೆರೆಸುವ ಇದ್ದಿಲ ಧೂಳಿನಲ್ಲಿ ಕುಸಿದುಬಿದ್ದಳು. ಒಳಗಿನಿಂದ ಬಾಗಿಲು ಬಡಿದರು. ರಾಮಸ್ವಾಮಿ ಬೀಗದಕೈ ಸಮೇತ ಅಂಚೆ ಕಚೇರಿಗೆ ಹೋಗಿದ್ದ. ನಾವು ಕಲ್ಲು ತಂದು ಬೀಗ ಒಡೆಯುವಷ್ಟರಲ್ಲಿ ಅರ್ಧ ಗಂಟೆ. ಜಟಕಾದಲ್ಲಿ ಮಲಗಿಸಿ ದೊಡ್ಡಾಸ್ಪತ್ರೆಗೆ ಒಯ್ದೆವು. ಕೆಂಚಮ್ಮ ಉಳಿದಳು, ಮಗು ಉಳಿಯಲಿಲ್ಲ.

ಮರುದಿನ ಬೆಳಿಗ್ಗೆ ನಾಲ್ಕು ಪುಟದ ಮನವಿ ಜೇಬಿನಲ್ಲಿಟ್ಟುಕೊಂಡು ಹೋದೆ. ಹೆಂಗಸರು ಆಗಲೇ ಷೆಡ್ಡಿನ ಹೊರಗೆ ನೆಲದ ಮೇಲೆ ಕೂತಿದ್ದರು. ಕೂಗಿಲ್ಲ, ಘೋಷಣೆಯಿಲ್ಲ. ಸಾಹುಕಾರರು ಬಂದಾಗ ಮಂಗಳಮ್ಮ ಎದ್ದಳು. ಅವಳ ಮಾತು ಕೇಳಿಸದೆ ಅವರು ಒಂದು ಹೆಜ್ಜೆ ಮುಂದೆ ಬರಬೇಕಾಯಿತು.

“ಬೀಗ ಹಾಕಂಗಿದ್ರೆ ನಾವು ಒಳೀಕೆ ಬರಾಕಿಲ್ಲ, ಬುದ್ಧಿ. ಸಂಜೆ ನಮ್ ಬುಟ್ಟಿ ನೋಡ್ಕಳಿ. ಬಾಗ್ಲು ಮಾತ್ರ ತೆಗ್ದಿರ್ಬೇಕು.”

ಅಷ್ಟೇ. ಸಾಹುಕಾರರು ಬಡಗಿಗೆ ಹೇಳಿಕಳುಹಿಸಿದರು. ಮಧ್ಯಾಹ್ನದೊಳಗೆ ಬಡಗಿ ಬಂದು ಚಿಲಕವನ್ನೇ ಕಿತ್ತುಹಾಕಿದ. ನನ್ನ ಮನವಿಯನ್ನು ಯಾರೂ ಕೇಳಲಿಲ್ಲ. ನನ್ನ ಕಡೆ ಯಾರೂ ತಿರುಗಿಯೂ ನೋಡಲಿಲ್ಲ. ಮಂಗಳಮ್ಮನನ್ನು ತಡೆದು, ನನಗೆ ಬೈದಾದರೂ ಬಿಡಬಾರದೇ ಎಂದು ಕೇಳಿದೆ. “ಬಯ್ದು ಏನ್ಮಾಡ್ಲಿ ಬುಡಿ” ಎಂದಳು. “ನೀವು ಚೆಂದಾಗಿ ಮಾತಾಡ್ತೀರಿ.”

ಭಾನುವಾರ ಆಸ್ಪತ್ರೆಗೆ ಹೋದೆ. ಕೆಂಚಮ್ಮನ ಗಂಡ ನಿಂಗಯ್ಯ ಸ್ಟೂಲು ಎಳೆದು ಕೊಟ್ಟ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಒಂದು ಗಂಟೆ ಕೂತು ಎದ್ದುಬಂದೆ. ಮೊನ್ನೆ ಸಂಘದಲ್ಲಿ ರಾಜೀನಾಮೆ ಕೊಟ್ಟೆ. ಮಂಗಳಮ್ಮನನ್ನು ಕಾರ್ಯದರ್ಶಿ ಮಾಡಿದರು. ಆದರೆ ಅವಳು ನನ್ನನ್ನು ಬಿಡುತ್ತಿಲ್ಲ, ಬರೆಯುವುದಕ್ಕೆ ನೀವಿರಿ ಎನ್ನುತ್ತಾಳೆ. ಬಿಟ್ಟು ಹೋಗುವ ನೆಮ್ಮದಿಯೂ ಇಲ್ಲ, ಅವಳ ಎದುರು ಕೂರುವ ಮುಖವೂ ಇಲ್ಲ. ನಿನ್ನೆ ಸಾಹುಕಾರರಿಗೆ ಕೊಡಲೆಂದು ಅವಳು ಹೇಳಿದ್ದನ್ನು ಬರೆದುಕೊಂಡೆ. ಆರೇ ಸಾಲು. ಒಂದು ಪದ ಸೇರಿಸಲು ಹೋದೆ, ಬೇಡವೆಂದಳು.

ಭಾವನವರಿಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ಅಮ್ಮನ ಆಶೀರ್ವಾದ, ಮಾವನ ಮುದ್ದು.

ಇತಿ ನಿನ್ನ ತಮ್ಮ
ದೊರೆಸ್ವಾಮಿ

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ನೀನು ಗೌರಿಹಬ್ಬಕ್ಕೆ ಬಂದಿದ್ದಾಗ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತ “ನಿನ್ನ ಹತ್ರ ಒಂದು ಮಾತು ಹೇಳ್ಬೇಕು ಕಣೋ” ಎಂದು ಎರಡು ಸಲ ಅಂದೆ. ನಾನು ಭಾಷಣದ ಮೊದಲ ಪುಟ ಓದಿ ತೋರಿಸುತ್ತಿದ್ದೆ. ರೈಲು ಹೊರಟಾಗ ನಿನ್ನ ಕಣ್ಣು ಕೆಂಪಾಗಿತ್ತು, ಹೊಗೆಗೆ ಹಾಗಾಗಿದೆ ಎಂದುಕೊಂಡೆ. ಅದೇನೆಂದು ಕಾಗದದಲ್ಲಿ ಬರೆಯಬೇಡ. ಬರುವ ಭಾನುವಾರ ನಾನೇ ಬರುತ್ತೇನೆ, ಎದುರಿಗೆ ಕೂತು ಹೇಳು.