ಶೂವಿನ ಅಡಿಗೆ ನಿನ್ನ ಹೆಸರು

ರಾಬಿಗ್, ಸೌದಿ ಅರೇಬಿಯಾ, ೧೬ ಮಾರ್ಚ್ ೨೦೧೪

ಅಖಿಲೇಶ,

ಇವತ್ತು ದಿನವಿಡೀ ನಿನ್ನನ್ನು ತುಳಿದೆ.

ಇಂದು ಯಹೂದಿಗಳ ಪುರಿಮ್ ಹಬ್ಬವಂತೆ. ಹಿಂದೆ ಕೊಚ್ಚಿಯ ಯಹೂದಿ ಬೀದಿಯಲ್ಲಿ ದುಡಿದಿದ್ದ ನನ್ನ ರೂಮಿನ ಲ್ಯಾನ್ಸಿ ಹೇಳಿದ. ಪರ್ಷಿಯಾದ ಮಂತ್ರಿ ಹಾಮಾನ್ ಅವರನ್ನೆಲ್ಲ ಕೊಲ್ಲಲು ಚೀಟಿ ಹಾಕಿ ದಿನ ಗೊತ್ತುಮಾಡಿದ್ದನಂತೆ. ರಾಣಿ ಎಸ್ತರ್ ತನ್ನವರನ್ನು ಉಳಿಸಿದಳು. ಅವನು ನೆಡಿಸಿದ ಗಲ್ಲುಗಂಬಕ್ಕೆ ಅವನೇ ಏರಿದ. ಆ ಖುಷಿಗೆ ಈಗಲೂ ಸಿಹಿ ಹಂಚುತ್ತಾರೆ. ಕೆಲವರು ಹಾಮಾನನ ಹೆಸರನ್ನು ಚಪ್ಪಲಿಯ ಅಡಿಗೆ ಬರೆದು, ಅಳಿಸಿಹೋಗುವವರೆಗೆ ನೆಲಕ್ಕೆ ಒದೆಯುತ್ತಾರೆ.

ನಾನು ಕೆಲಸದ ಶೂವಿನ ಅಡಿಗೆ ನಿನ್ನ ಹೆಸರು ಬರೆದೆ. ಅಂದು ಪ್ಲಾಂಟಿನಲ್ಲಿ ವಾಲ್ವ್ ಮುಚ್ಚಲು ಮರೆತವನು ನೀನು. ಫೋರ್‌ಮನ್‌ಗೆ ಹೇಳಿದ್ದು ನನ್ನ ಹೆಸರು. ಕಾಯಿಲೆ ಬಿದ್ದ ಅಮ್ಮನನ್ನು ನೋಡಲು ಪಡೆದಿದ್ದ ನನ್ನ ರಜೆ ರದ್ದಾಯಿತು. ಅವಳು ತೀರಿಕೊಂಡು ಚಿತೆಯಲ್ಲಿ ಬೂದಿಯಾದದ್ದನ್ನು ಫೋನಿನಲ್ಲಿ ಕೇಳಿದೆ. ನೀನು ದೂರದ ಖೋಬರಿಗೆ ವರ್ಗ ಮಾಡಿಸಿಕೊಂಡು ಹೋದೆ.

ಸಂಜೆ ನೋಡಿದರೆ ಒಂದಕ್ಷರವೂ ಮಾಸಿರಲಿಲ್ಲ. ಪೈಪಿಗೆ ಗುರುತು ಹಾಕುವ ಪೇಂಟ್ ಮಾರ್ಕರಿನಲ್ಲಿ ಬರೆದಿದ್ದೆ.

"ಎಂತ ಮಾರಾಯ, ಚಾಕಲ್ಲಿ ಬರೆಯುದಲ್ವಾ?" ಎಂದು ಲ್ಯಾನ್ಸಿ ನಗುತ್ತ ಪೇಂಟ್ ಅಳಿಸುವ ಥಿನ್ನರ್ ಬಾಟಲಿ ಚಾಚಿದ.

"ಬೇಡ. ನಾಳೆಯೂ ತುಳಿಲಿಕ್ಕುಂಟು," ಎಂದೆ.

ಶೂ ಈಗ ಬಾಗಿಲ ಬಳಿ ಬೋರಲಾಗಿ ಬಿದ್ದಿದೆ, ನೀನು ನಿನ್ನದನ್ನು ಬಿಡುತ್ತಿದ್ದ ಜಾಗದಲ್ಲಿ.