ಲೊವೀನಾ ಮಲಗಿರುವ ಜಾಗ

ಹೀತ್‌ಫೀಲ್ಡ್, ವರ್ಮಾಂಟ್
9 ನವೆಂಬರ್ 1856

ಪ್ರೀತಿಯ ಹುಲ್ದಾ ಅಕ್ಕನಿಗೆ,

ನಿನ್ನ ಕಾಗದ ಬಂದು ತಿಂಗಳಾಯಿತು, ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ನಿನ್ನ ಕೆಮ್ಮು ಹೇಗಿದೆ? ಆ ತೇವದ ಮನೆಯಲ್ಲಿ ಒಲೆ ಆರದಂತೆ ನೋಡಿಕೊಳ್ಳುತ್ತೀಯೋ ಇಲ್ಲವೋ, ಅದೇ ಚಿಂತೆ. ನನ್ನ ಓದು ನಡುವೆಯೇ ನಿಂತದ್ದು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಇವರ ಸ್ಥಿತಿ ಚೆನ್ನಾಗಿಲ್ಲ. ಕೆಮ್ಮಿದರೆ ರಕ್ತ ಬರುತ್ತದೆ. ತಾವೇ ತೊಲೆ ಹೊತ್ತು ಕಟ್ಟಿದ ಸಭಾಮಂದಿರದಲ್ಲಿ ನಿನ್ನೆ ಶನಿವಾರದ ಸಬ್ಬತ್ತಿಗೂ ಬೋಧಿಸಲಾಗಲಿಲ್ಲ. ಹೋದ ವಾರ ನನ್ನ ಕೈ ಹಿಡಿದು, "ಕೆಜಾಯಾ, ನನ್ನನ್ನ ಲೊವೀನಾ ಪಕ್ಕದಲ್ಲೇ ಮಲಗಿಸು. ಕಹಳೆ ಊದಿ ಸತ್ತವರು ಏಳೋ ಬೆಳಿಗ್ಗೆ ಮೊದಲು ಅವಳ ಮುಖ ನೋಡ್ಬೇಕು" ಎಂದರು. ಹೂಂ ಎಂದೆ.

ಹನ್ನೆರಡು ವರ್ಷದ ಹಿಂದೆ ಅವಳನ್ನು ಮಲಗಿಸಿದ ದಿನ ನೀನೂ ಇದ್ದೆಯಲ್ಲ ಅಕ್ಕ. ನಾಲ್ಕು ವರ್ಷದ ಕೂಸು ಗಂಟಲುಬೇನೆಯಲ್ಲಿ ಹೋದಾಗ, ಕರ್ತನು ಬರುವ ದಿನ ಗೊತ್ತಾಗಿದೆ ಎಂದು ನಂಬಿದ್ದಕ್ಕೆ ಹಳೆಯ ಚರ್ಚಿನವರು ನಮ್ಮನ್ನು ಹೊರಹಾಕಿದ್ದರಿಂದ ನಮ್ಮ ಹುಲ್ಲುಗಾವಲಿನಲ್ಲೇ ಮಣ್ಣು ಮಾಡಿದೆವು. ಒಂದು ಕಲ್ಲಾದರೂ ನಿಲ್ಲಿಸೋಣ ಎಂದರೆ ಇವರು, "ಕರ್ತನ ಬರೋಣಕ್ಕೆ ಇನ್ನು ಮೂರೇ ವಾರ. ಆಲೂಗಡ್ಡೇನೇ ಕೀಳದೆ ಬಿಟ್ಟಿದೀವಿ. ಇಷ್ಟರಲ್ಲೇ ಏಳೋ ಕೂಸಿಗೆ ಕಲ್ಲು ಯಾಕೆ ಹೊರಿಸ್ತೀಯೇ?" ಎಂದು ಬಿಟ್ಟರು. ಆ ದಿನ ಬಂತು, ಹೋಯಿತು. ಕರ್ತನು ಬರಲಿಲ್ಲ. ಆಮೇಲೆ ಆ ಹುಲ್ಲುಗಾವಲೂ ಸೇರಿ ಹೊಲ ಮಾರಿ ಇವರು ಊರೂರು ತಿರುಗಿ, ಕಂಗೆಟ್ಟವರನ್ನೆಲ್ಲ ಒಟ್ಟುಮಾಡಿ ಸಭೆ ಕಟ್ಟಿದರು.

ಶುಕ್ರವಾರ, ಹೊಲ ಕೊಂಡ ಓಬೆಡ್ ಕ್ರೇನ್‌ನ ಬಳಿ ಹೋದೆ. ಅವನದು ಎಂದಿನ ಕೊಂಕು. "ಏನಮ್ಮಾ, ಇನ್ನೂ ಇಲ್ಲೇ ಇದೀರಾ? ಮೇಲಕ್ಕೆ ಹೋಗ್ಲಿಲ್ವಾ?" ವಿಷಯ ಹೇಳಿದೆ. ಅವನ ನಗು ಅಲ್ಲೇ ನಿಂತಿತು.

"ಬೇಲಿವರೆಗೂ ಉತ್ತುಬಿಟ್ಟಿದೀನಲ್ಲ ತಾಯಿ! ಕಲ್ಲಿದ್ದಿದ್ರೆ ನೇಗಿಲು ಸುತ್ತು ಹಾಕ್ಕೊಂಡು ಹೋಗ್ತಿತ್ತು. ನಾನೂ ಮಕ್ಕಳಿರೋನೇ."

ಹೊತ್ತು ಇಳಿಯುವವರೆಗೆ ಇಬ್ಬರೂ ಹುಡುಕಿದೆವು. ಗುರುತಿಗಿದ್ದ ಮೇಪಲ್ ಮರವನ್ನೂ ಕಡಿದಿದ್ದಾನೆ. ಎಲ್ಲ ಕಡೆ ಒಂದೇ ಮಣ್ಣು.

ಮನೆಗೆ ಬಂದರೆ, "ಜಾಗ ನೋಡ್ಕೊಂಡು ಬಂದ್ಯಾ?" ಎಂದರು.

"ನೋಡ್ಕೊಂಡು ಬಂದೆ. ಹುಲ್ಲು ಚೆನ್ನಾಗಿ ಬೆಳೆದಿದೆ" ಎಂದೆ. ನಿಶ್ಚಿಂತೆಯಿಂದ ಕಣ್ಣು ಮುಚ್ಚಿದರು.

ನಿನಗೇನಾದರೂ ನೆನಪಿದೆಯೇ ಅಕ್ಕ? ಬೇಲಿಯಿಂದ ಎಷ್ಟು ದೂರ? ತಲೆ ಯಾವ ಕಡೆಗಿತ್ತು? ನೆಲ ಹೆಪ್ಪುಗಟ್ಟುವ ಮೊದಲು, ಇವರು ಇರುವಾಗಲೇ, ಬರೆ. ಎದೆಗೆ ಹೆಬ್ಬಾತಿನ ಕೊಬ್ಬು ಹಚ್ಚಿಕೋ, ಉದಾಸೀನ ಮಾಡಬೇಡ. ಮಕ್ಕಳಿಗೆ ನನ್ನ ಆಶೀರ್ವಾದ. ಕರ್ತನ ಕೃಪೆ ನಿನ್ನ ಮನೆಯ ಮೇಲಿರಲಿ.

ನಿನ್ನ ತಂಗಿ,
ಕೆಜಾಯಾ

ಇನ್ನೊಂದು ಮಾತು, ಭಾವನಿಗೆ ಓದಿ ಹೇಳಬೇಡ. ಕಹಳೆಯ ಆ ಬೆಳಿಗ್ಗೆ ಇವರು ಎದ್ದು ಮಗ್ಗುಲಿಗೆ ಕೈ ಚಾಚಿದಾಗ ಅಲ್ಲಿ ಬರೀ ಮಣ್ಣಿದ್ದರೆ? ಕೂಸು ಇನ್ನೆಲ್ಲೋ ಒಬ್ಬಳೇ ಎದ್ದು ಅಮ್ಮಾ ಎಂದು ಕರೆದರೆ? ಸಭೆಯಲ್ಲಿ ಎಲ್ಲರೂ "ಬೇಗ ಬಾ, ಕರ್ತನೇ" ಎನ್ನುವಾಗ ನನ್ನ ತುಟಿಯೂ ಆಡುತ್ತದೆ. ಒಳಗೊಳಗೆ ಮಾತ್ರ, ಬರಬೇಡ, ಈಗಲೇ ಬರಬೇಡ ಎಂದು ಬೇಡಿಕೊಳ್ಳುತ್ತಿದ್ದೇನೆ.